ಮಲಗಿರೋರ ಮುಖಕ್ಕೆ ಲೆನ್ಸ್ ಹಿಡಿಯೋ ಮುಂಚೆ

ಒಂದು ಫೋಟೋಗ್ರಫಿ ಗ್ರೂಪಲ್ಲಿ ಈ ವಾರ ಪೂರ್ತಿ ಒಂದೇ ಜಗಳ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ಮಲಗಿರೋ ಒಬ್ಬ ಅಜ್ಜನ ಫೋಟೋ, ಬ್ಲಾಕ್ ಅಂಡ್ ವೈಟು, ಬಾಯಿ ಅರ್ಧ ತೆರೆದಿದೆ, ಮೈಮೇಲೆ ಅಂಗಿ ಇಲ್ಲ, ಕೆಳಗೆ 'ಬದುಕಿನ ಹೋರಾಟ' ಅಂತ ಕ್ಯಾಪ್ಶನ್. ವಾವ್ ಸಾರ್, ಸೂಪರ್ ಟೋನ್ಸ್, ಯಾವ ಲೆನ್ಸು ಅಂತ ಕಾಮೆಂಟುಗಳು. ಒಬ್ಬ ಹುಡುಗಿ ಮಾತ್ರ "ಇವ್ರನ್ನ ಕೇಳಿ ತೆಗೆದ್ರಾ?" ಅಂದ್ಲು, ಅಷ್ಟಕ್ಕೇ ಎಲ್ರೂ ಅವಳ ಮೇಲೆ ಮುಗಿಬಿದ್ರು, ಪಬ್ಲಿಕ್ ಪ್ಲೇಸಲ್ಲಿ ಯಾರನ್ನ ಯಾಕ್ರೀ ಕೇಳ್ಬೇಕು, ಸ್ಟ್ರೀಟ್ ಫೋಟೋಗ್ರಫಿ ಅಂದ್ರೇನೇ ಕ್ಯಾಂಡಿಡ್ಡು, ಅಂದ್ರೆ ಅವ್ರಿಗೆ ಗೊತ್ತಾಗದ ಹಾಗೆ ಹೊಡಿಯೋದು, ಕೇಳಿದ್ರೆ ಪೋಸ್ ಆಗೋಗುತ್ತೆ ಅಂತ. ಆ ಹುಡುಗಿ ಪರವಾಗಿ ಅಲ್ಲೇ ಬರೆಯೋಕೆ ಹೋದೆ, ಉದ್ದ ಆಯ್ತು, ಅದಕ್ಕೆ ಇಲ್ಲಿ ಹಾಕ್ತಿದೀನಿ.

ನಾನು ಮದುವೆ ಫೋಟೋಗ್ರಾಫರ್. ಕ್ಯಾಮೆರಾನೇ ನನ್ನ ಅನ್ನ. ಕ್ಯಾಮೆರಾ ಕಂಡ್ರೆ ಆಗದೇ ಇರೋನು ಬರೀತಿದಾನೆ ಅಂದ್ಕೋಬೇಡಿ.

ಈ ಪಬ್ಲಿಕ್ ಪ್ಲೇಸ್ ಅನ್ನೋ ಮಾತನ್ನೇ ಮೊದಲು ತಗೊಳ್ಳೋಣ. ನಾವೆಲ್ಲಾ ರೋಡಿಗೆ ಬರೋದು ತಲೆ ಬಾಚ್ಕೊಂಡು, ಇಸ್ತ್ರಿ ಬಟ್ಟೆ ಹಾಕ್ಕೊಂಡು, ಸಾಕಾದಾಗ ಮನೆಗೆ ಹೋಗಿ ಬಾಗಿಲು ಹಾಕ್ಕೋತೀವಿ. ಬಾಯಿ ಬಿಟ್ಕೊಂಡು ನಿದ್ದೆ ಹೊಡಿಯೋದು, ಅಳೋದು, ಗಂಡ ಹೆಂಡ್ತಿ ಕಿತ್ತಾಡೋದು, ಮಗೂಗೆ ಹಾಲು ಕುಡಿಸೋದು, ಇದೆಲ್ಲಾ ಆ ಬಾಗಿಲ ಹಿಂದೆ. ಬೀದೀಲಿ ಮಲಗೋರಿಗೆ ಹಾಕ್ಕೊಳ್ಳೋಕೆ ಬಾಗಿಲೇ ಇಲ್ಲ. ಅವ್ರ ನಿದ್ದೆ, ಸ್ನಾನ, ಕಾಯಿಲೆ ಎಲ್ಲಾ ರೋಡಲ್ಲೇ ಆಗ್ಬೇಕು, ಅದನ್ನ ನಾವು ಪಬ್ಲಿಕ್ ಅಂತ ಕರೆದು ಕ್ಲಿಕ್ ಮಾಡ್ಕೊಂಡು ಬರ್ತೀವಿ. 2011ರ ಜನಗಣತಿ ಪ್ರಕಾರನೇ ನಮ್ಮ ದೇಶದಲ್ಲಿ ಸೂರಿಲ್ಲದೇ ಇರೋರು 17 ಲಕ್ಷಕ್ಕಿಂತ ಜಾಸ್ತಿ. ಅಷ್ಟೂ ಜನಕ್ಕೆ ಖಾಸಗಿ ಬದುಕು ಅನ್ನೋದೇ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ರೆ ಹೇಗೆ?

2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ಪ್ರೈವೆಸಿ ಮೂಲಭೂತ ಹಕ್ಕು ಅಂತ ತೀರ್ಪು ಕೊಡ್ತಲ್ಲ, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಾರ್ವಜನಿಕ ಜಾಗದಲ್ಲಿ ಇದಾನೆ ಅಂದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಹೋಗಿಬಿಡಲ್ಲ, ಅದು ಅವನ ಜೊತೆಗೇ ಇರುತ್ತೆ ಅನ್ನೋ ಮಾತು ಆ ತೀರ್ಪಲ್ಲೇ ಇದೆ. ಫುಟ್‌ಪಾತಲ್ಲಿ ಮಲಗಿರೋರು ಯಾರೂ ಅದನ್ನ ಹಿಡ್ಕೊಂಡು ಕೋರ್ಟಿಗೆ ಹೋಗಲ್ಲ, ನಮಗೂ ಅದು ಚೆನ್ನಾಗಿ ಗೊತ್ತು. ದುಬಾರಿ ಅಂಗಡಿಗಳಿರೋ ಯುಬಿ ಸಿಟಿ ಮಾಲ್ ಮುಂದೆ ಕಾರಿಂದ ಇಳಿಯೋರ ಮುಖದ ಹತ್ರ ಹೋಗಿ ಹೀಗೆ ಲೆನ್ಸ್ ಹಿಡಿಯೋ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ. ಬೈಯೋಕೆ ಶಕ್ತಿ ಇಲ್ದೇ ಇರೋರನ್ನೇ ಹುಡುಕ್ಕೊಂಡು ಹೋಗಿ ಕ್ಯಾಂಡಿಡ್ ಅಂತೀವಿ.

ಮಕ್ಕಳ ವಿಷ್ಯ ಇನ್ನೂ ಸೂಕ್ಷ್ಮ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬೀದೀಲಿ ಬದುಕೋ ಮಗು ಅಂದ್ರೆ ರಕ್ಷಣೆ ಬೇಕಿರೋ ಮಗು, ಅಂಥ ಮಗುವಿನ ವಿಚಾರಣೆ ಬಗ್ಗೆ ಸುದ್ದಿ ಮಾಡೋವಾಗ ಗುರುತು ಸಿಗೋ ಹಾಗೆ ಫೋಟೋ ಹಾಕಿದ್ರೆ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಪೇಪರ್‌ನೋರಿಗೇ ಇಷ್ಟು ಬಿಗಿ ಇದೆ. ನಾವು ಸಿಗ್ನಲಲ್ಲಿ ಪೆನ್ನು ಮಾರೋ ಮಗು ಫೋಟೋ ಕ್ಲೋಸಪ್ಪಲ್ಲಿ ಹೊಡೆದು, ಲೊಕೇಶನ್ ಟ್ಯಾಗ್ ಮಾಡಿ, 'ಮುಗ್ಧತೆ' ಅಂತ ಹೆಸರಿಟ್ಟು ಸ್ಪರ್ಧೆಗೆ ಕಳಿಸ್ತೀವಿ.

ಇನ್ನೊಂದು ವಿಷ್ಯ, ಇದು ಎಡಿಟಿಂಗ್ ಮಾಡೋರಿಗೆ ಮಾತ್ರ ಗೊತ್ತಾಗುತ್ತೆ. ಮದುಮಗಳ ಫೋಟೋ ಬಂದ್ರೆ ನಾನು ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಟೆಕ್ಸ್ಚರ್ ಸ್ಲೈಡರ್‌ನ ಎಡಕ್ಕೆ ಎಳೆದು ಚರ್ಮ ನುಣುಪು ಮಾಡ್ತೀನಿ, ಮೊಡವೆ ತೆಗೀತೀನಿ, ಕಣ್ಣ ಕೆಳಗಿನ ಕಪ್ಪು ಕಮ್ಮಿ ಮಾಡ್ತೀನಿ. ಫುಟ್‌ಪಾತ್ ಅಜ್ಜಿ ಫೋಟೋ ಬಂದ್ರೆ ಅದೇ ಸ್ಲೈಡರ್ ಬಲಕ್ಕೆ ಹೋಗುತ್ತೆ, ಕ್ಲಾರಿಟಿ ಜಾಸ್ತಿ, ಕಾಂಟ್ರಾಸ್ಟ್ ಜಾಸ್ತಿ, ಇರೋ ಸುಕ್ಕು ಎರಡರಷ್ಟು ಕಾಣ್ಬೇಕು, ಚರ್ಮದ ಮೇಲಿನ ಧೂಳು ಎದ್ದು ಬರ್ಬೇಕು. ದುಡ್ಡು ಕೊಡೋರನ್ನ ಇರೋದಕ್ಕಿಂತ ಚೆನ್ನಾಗಿ ತೋರಿಸ್ತೀವಿ, ದುಡ್ಡಿಲ್ದೋರನ್ನ ಇರೋದಕ್ಕಿಂತ ಕೆಟ್ಟದಾಗಿ ತೋರಿಸ್ತೀವಿ, ಆಮೇಲೆ ಎರಡನೇದನ್ನ 'ರಾ ರಿಯಾಲಿಟಿ' ಅಂತೀವಿ. ಇದು ನನಗೆ ತುಂಬಾ ನೋವು ಕೊಡೋ ವಿಷ್ಯ, ಯಾಕಂದ್ರೆ ಇದು ನನ್ನದೇ ಕಸುಬು.

ಕೇಟರಿಂಗ್ ಹುಡುಗ್ರ ಬಗ್ಗೆ ಹೇಳ್ಬೇಕು. ಛತ್ರದಲ್ಲಿ ರಿಸೆಪ್ಶನ್ ಮುಗ್ದು ನಾವು ಲೈಟ್ ಸ್ಟ್ಯಾಂಡ್ ಮಡಚೋ ಹೊತ್ತಿಗೆ ಎಲೆ ಎತ್ತಿ, ಪಾತ್ರೆ ತೊಳೆದು ಸುಸ್ತಾಗಿ ಕೂತಿರ್ತಾರಲ್ಲ, ಅವ್ರಲ್ಲಿ ಎಷ್ಟೋ ಜನಕ್ಕೆ ರೂಮ್ ಇಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಬಂದೋರು, ಗಾರೆ ಕೆಲಸ ಇಲ್ದೇ ಇರೋ ದಿನ ಬಡಿಸೋಕೆ ಬರ್ತಾರೆ, ರಾತ್ರಿ ಮೆಜೆಸ್ಟಿಕ್ ಕಡೆನೋ ಕಲಾಸಿಪಾಳ್ಯದಲ್ಲೋ ಮುಚ್ಚಿರೋ ಅಂಗಡಿ ಮುಂದೆ ಮಲಗ್ತಾರೆ. ಬೀದೀಲಿ ಮಲಗೋರೆಲ್ಲಾ ಭಿಕ್ಷೆ ಬೇಡೋರು ಅಂದ್ಕೊಂಡಿರೋರು ಒಂದ್ಸಲ ಇವ್ರನ್ನ ಮಾತಾಡಿಸಿ. ಅವ್ರಲ್ಲೊಬ್ಬ ಒಂದು ರಾತ್ರಿ ನನ್ನ ಹತ್ರ ಬಂದು "ಸರ, ನಂದೊಂದು ಛಲೋ ಫೋಟೊ ತಗೀರಿ, ಊರಾಗ ಅವ್ವಗ ಕಳಸ್ಬೇಕು" ಅಂದ. ಸ್ವಲ್ಪ ತಡೀರಿ ಅಂತ ಹೋಗಿ ನಲ್ಲೀಲಿ ಮುಖ ತೊಳ್ಕೊಂಡು, ಕೇಟರಿಂಗ್‌ನೋರು ಕೊಟ್ಟಿದ್ದ ಕೆಂಪು ಕೋಟು ಬಿಚ್ಚಿಟ್ಟು, ಜೊತೆಯವನ ಶರ್ಟ್ ಇಸ್ಕೊಂಡು ಹಾಕ್ಕೊಂಡು ಬಂದ. ಸ್ಟೇಜ್ ಹೂವು ಇನ್ನೂ ಬಿಚ್ಚಿರ್ಲಿಲ್ಲ, ಅದರ ಮುಂದೆ ಎರಡೂ ಕೈ ಕೆಳಗೆ ಬಿಟ್ಟು, ಶಾಲೇಲಿ ನಿಲ್ತೀವಲ್ಲ ಹಾಗೆ ನೆಟ್ಟಗೆ ನಿಂತ. ಮನೇಲಿ ಏನಪ್ಪಾ ಹೇಳಿದೀಯ, ಎಲ್ಲಿರ್ತೀನಿ ಅಂತ, ಅಂದೆ. "ಹೋಟೆಲ್ದಾಗ ಕೆಲಸ, ರೂಮ್ ಕೊಟ್ಟಾರ ಅಂತ ಹೇಳೀನ್ರಿ."

ಈಗ ಯೋಚ್ನೆ ಮಾಡಿ. ಇವನು ಅಂಗಡಿ ಶಟರ್ ಮುಂದೆ ಮಲಗಿರೋವಾಗ ನಮ್ಮ ಗ್ರೂಪಿನ ಯಾರೋ ಬಂದು ಮುಖ ಕಾಣೋ ಹಾಗೆ ಹೊಡೆದು ಪೇಜಿಗೆ ಹಾಕ್ತಾರೆ. ಎಲ್ಲಾ ಊರಲ್ಲೂ ವಾಟ್ಸಾಪ್ ಗ್ರೂಪ್ ಇದೆ, ಒಂದು ಫೋಟೋ ಬೆಂಗಳೂರಿಂದ ಯಾದಗಿರಿಗೆ ಹೋಗೋಕೆ ಅರ್ಧ ಗಂಟೆ ಬೇಡ. ಅವ್ವನ ಮುಂದೆ ಅವನು ಕಾಪಾಡ್ಕೊಂಡು ಬಂದಿದ್ದ ಒಂದು ಮರ್ಯಾದೆ ಅಲ್ಲಿಗೆ ಮುಗೀತು. ಹೊಡೆದೋನಿಗೆ ಅದು ಗೊತ್ತಾಗೋದೂ ಇಲ್ಲ.

ಮರ್ಯಾದೆ ಮಾತ್ರ ಅಲ್ಲ, ಅಪಾಯನೂ ಇದೆ. ಇಂಥ ಫೋಟೋ ತೆಗೆದು ಪೊಲೀಸ್‌ನೋರಿಗೆ, ಕಾರ್ಪೊರೇಷನ್‌ನೋರಿಗೆ ಟ್ಯಾಗ್ ಮಾಡಿ ಫುಟ್‌ಪಾತ್ ಕ್ಲಿಯರ್ ಮಾಡಿಸಿ ಅನ್ನೋರೂ ಇದಾರೆ. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಈಗ್ಲೂ ಜಾರಿಯಲ್ಲಿದೆ, ಭಿಕ್ಷೆ ಬೇಡ್ತಿದಾರೆ ಅಂತ ವಾರಂಟ್ ಇಲ್ದೇ ಹಿಡ್ಕೊಂಡು ಹೋಗಬಹುದು. ನಾವು ಕಟ್ಟೋ ಆಸ್ತಿ ತೆರಿಗೆ ಜೊತೆ ಶೇಕಡಾ 3 ಬೆಗ್ಗರ್ ಸೆಸ್ ಹೋಗೋದೂ ಆ ಕಾಯ್ದೆಯಿಂದಾನೇ. ಕೂಲಿ ಮಾಡಿ ಬಂದು ಮಲಗಿರೋನ ಫೋಟೋಗೆ ನಾವು 'ಭಿಕ್ಷುಕ' ಅಂತ ಬರೆದ್ವಿ ಅಂದ್ರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದು ನಮ್ಮ ಕೈಯಲ್ಲಿರಲ್ಲ.

ಹಾಗಾದ್ರೆ ಫೋಟೋ ತೆಗೀದೇ ಇದ್ರೆ ಜನಕ್ಕೆ ಗೊತ್ತಾಗೋದು ಹೇಗೆ ಅಂತೀರ. ಒಪ್ತೀನಿ, ಈ ಪ್ರಶ್ನೆಗೆ ತೂಕ ಇದೆ. 1936ರಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಕೂಲಿ ಕ್ಯಾಂಪಲ್ಲಿ ಒಬ್ಬ ತಾಯಿ ಮತ್ತು ಮಕ್ಕಳ ಫೋಟೋ ತೆಗೆದ್ರು, ಫೋಟೋಗ್ರಫಿ ಕಲಿತಿರೋರೆಲ್ಲಾ ನೋಡಿರೋದೇ. ಪೇಪರಲ್ಲಿ ಬಂದ ಮೇಲೆ ಸರ್ಕಾರ ಆ ಕ್ಯಾಂಪಿಗೆ 20 ಸಾವಿರ ಪೌಂಡ್, ಅಂದ್ರೆ ಸುಮಾರು 9 ಸಾವಿರ ಕೆಜಿ ಆಹಾರ ಕಳಿಸ್ತು. ಆದ್ರೆ ಆ ತಾಯಿ ಅಷ್ಟೊತ್ತಿಗೆ ಕೂಲಿ ಹುಡುಕ್ಕೊಂಡು ಮುಂದಕ್ಕೆ ಹೋಗಿಬಿಟ್ಟಿದ್ರು. ಲ್ಯಾಂಗ್ ಆ ತಾಯಿಯ ಹೆಸರನ್ನೂ ಕೇಳಿರ್ಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋ ಹೆಸರು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, ನಲವತ್ತೆರಡು ವರ್ಷ ಆದ್ಮೇಲೆ, ಆಗ ಆಕೆ ಹೇಳಿದ್ದು ಆ ಫೋಟೋ ತೆಗೀದೇ ಇದ್ದಿದ್ರೆ ಚೆನ್ನಾಗಿತ್ತು, ನನಗೆ ಅದರಿಂದ ಒಂದು ಕಾಸೂ ಸಿಗಲಿಲ್ಲ ಅಂತ. ಕ್ಯಾಂಪಿನ ಹಸಿದವರಿಗೆ ಆ ಫೋಟೋ ಅನ್ನ ಕೊಟ್ಟಿದ್ದೂ ನಿಜ, ಆ ತಾಯಿಗೆ ಅನ್ಯಾಯ ಆಗಿದ್ದೂ ನಿಜ. ನಾನು ಎರಡನ್ನೂ ಬಿಟ್ಟುಕೊಡಲ್ಲ. ಆದ್ರೆ ಲ್ಯಾಂಗ್ ಸರ್ಕಾರದ ಕೆಲಸದ ಮೇಲೆ ಹೋಗಿದ್ರು, ಫೋಟೋ ಹಿಂದೆ ಆಹಾರ ಕಳಿಸೋ ಒಂದು ವ್ಯವಸ್ಥೆ ಇತ್ತು. ನಮ್ಮ 'ಬದುಕಿನ ಹೋರಾಟ' ಫೋಟೋ ಹಿಂದೆ ಲೈಕ್ ಬಿಟ್ರೆ ಏನಿದೆ?

ನಮ್ಮಲ್ಲೂ ಫೋಟೋ ಕೆಲಸ ಮಾಡಿದೆ. 2010ರ ಆಗಸ್ಟಲ್ಲಿ ಬೆಂಗಳೂರಿನ ಸುಮನಹಳ್ಳಿ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಅಂದ್ರೆ ಭಿಕ್ಷುಕರ ಕಾಲೋನೀಲಿ, ಒಬ್ಬರ ಹಿಂದೆ ಒಬ್ಬರು ಸತ್ತಾಗ ಪೇಪರ್, ಟಿವಿಯೋರು ಅಲ್ಲಿನ ಸ್ಥಿತಿ ತೋರಿಸಿದ್ರು, ಸರ್ಕಾರ ಉತ್ತರ ಕೊಡಬೇಕಾಯ್ತು. ಅಂಥ ಫೋಟೋ ಬೇಕು, ಖಂಡಿತಾ ಬೇಕು. ಅದರಲ್ಲಿ ಯಾರು ಹೊಣೆ ಅನ್ನೋದು ಕಾಣುತ್ತೆ. ದೊಡ್ಡ ಊರುಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಸೂರಿಲ್ಲದೋರು ಮಲಗೋಕೆ ಒಂದು ವಸತಿ ಕೇಂದ್ರ ಇರಬೇಕು, ದಿನದ 24 ಗಂಟೆ ತೆಗೆದಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. 2011ರ ಜನಸಂಖ್ಯೆ ಲೆಕ್ಕದಲ್ಲೇ ಬೆಂಗಳೂರಿಗೆ ಅಂಥವು 84 ಬೇಕು. ಹೋಗಿ ಅವನ್ನ ಹುಡುಕಿ ಫೋಟೋ ಹೊಡೀರಿ, ಬೀಗ ಹಾಕಿರೋದು, ಟಾಯ್ಲೆಟ್ ಇಲ್ದೇ ಇರೋದು, ಹೆಂಗಸರಿಗೆ ಜಾಗ ಇಲ್ದೇ ಇರೋದು. ಮಲಗಬಾರದು ಅಂತ ಕಟ್ಟೆ ಮೇಲೆ ಕಬ್ಬಿಣದ ಮೊಳೆ ನೆಟ್ಟಿರ್ತಾರೆ, ಅದನ್ನ ಹೊಡೀರಿ. ಇದಕ್ಕೆ ಯಾರ ಮುಖನೂ ಬೇಕಾಗಿಲ್ಲ.

ಮಾರ್ಕೆಟಲ್ಲಿ ನಾನೇ ಕಣ್ಣಾರೆ ನೋಡಿದ್ದು ಒಂದಿದೆ. ಭಾನುವಾರ ಬೆಳಿಗ್ಗೆ ಫೋಟೋವಾಕ್‌ನೋರು, ಅಂದ್ರೆ ಗುಂಪಾಗಿ ಸುತ್ತಾಡ್ತಾ ಫೋಟೋ ಹೊಡಿಯೋರು, ಬೆನ್ನಿಗೆ ಬ್ಯಾಗು, ಹೂವಿನ ಸಾಲಿನ ಪಕ್ಕ ಗೋಣಿಚೀಲ ಹಾಸ್ಕೊಂಡು ಮಲಗಿದ್ದ ಒಬ್ಬ ಅಜ್ಜಿ ಸುತ್ತ ಕುಕ್ಕರುಗಾಲಲ್ಲಿ ಕೂತಿದಾರೆ. ಶಟರ್ ಸದ್ದಿಗೆ ಅಜ್ಜಿಗೆ ಎಚ್ಚರ ಆಯ್ತು, ಏನೂ ಮಾತಾಡ್ಲಿಲ್ಲ, ಸೆರಗು ಎಳ್ಕೊಂಡು ಮುಖ ಮುಚ್ಕೊಂಡ್ರು. ಅಷ್ಟರಲ್ಲಿ ಒಬ್ಬ "ಇದು ಇದು, ಈ ಫ್ರೇಮ್ ಹಿಡಿ" ಅಂದ, ಮತ್ತೆ ಟಕಟಕ ಅಂತ ಶುರು. ಅಜ್ಜಿ ಬೇಡ ಅಂದಿದ್ದು ಅಷ್ಟು ಸ್ಪಷ್ಟ ಇತ್ತು, ಆ ಬೇಡ ಅನ್ನೋದನ್ನೇ ಹೊಡ್ಕೊಂಡು ಹೋದ್ರು. ನಾನು ಹೋಗಿ ಕೇಳಿದ್ದಕ್ಕೆ "ಸಾರ್, ನೀವೂ ಫೋಟೋಗ್ರಾಫರ್ ತಾನೇ" ಅಂದ್ರು. ಹೌದು, ಅದಕ್ಕೇ ಕೇಳಿದ್ದು.

ಕಟಿಂಗ್ ಮಾಡಿಸಿ, ಸ್ನಾನ ಮಾಡಿಸಿ ಬಿಫೋರ್ ಆಫ್ಟರ್ ರೀಲ್ಸ್ ಹಾಕೋರ ಬಗ್ಗೆನೂ ಹೇಳ್ಬಿಡ್ತೀನಿ. ಸಹಾಯ ಮಾಡಿ, ಪುಣ್ಯ ಬರ್ಲಿ. ಆದ್ರೆ ಊಟದ ಪೊಟ್ಟಣ ಕೈಯಲ್ಲಿ ಹಿಡ್ಕೊಂಡು ವಿಡಿಯೋ ಮಾಡ್ಲಾ ಅಂತ ಕೇಳಿದ್ರೆ ಹಸಿದೋನು ಹೂಂ ಅನ್ನದೇ ಇನ್ನೇನಂತಾನೆ? ಅದನ್ನ ಒಪ್ಪಿಗೆ ಅನ್ನೋಕಾಗಲ್ಲ. ತಲೆ ಸರಿ ಇಲ್ದೇ ಇರೋರನ್ನ ಅರೆಬೆತ್ತಲೆ ನಿಲ್ಲಿಸಿ ನೀರು ಹಾಕೋದನ್ನ ಲಕ್ಷ ಜನಕ್ಕೆ ತೋರಿಸೋ ಹಕ್ಕು ಯಾರಿಗೂ ಇಲ್ಲ.

ನಾನು ಬೀದೀಲಿ ಫೋಟೋ ತೆಗಿಯೋದು ಬಿಟ್ಟಿಲ್ಲ. ಮೊದಲು ಕೂತು ಮಾತಾಡ್ತೀನಿ, ಎಲ್ಲಿಗೆ ಹಾಕ್ತೀನಿ ಅಂತ ಹೇಳ್ತೀನಿ, ತೆಗೆದ ಮೇಲೆ ಸ್ಕ್ರೀನ್ ತೋರಿಸ್ತೀನಿ, ಮುಖ ಸಿಂಡರಿಸಿದ್ರೆ ಅಲ್ಲೇ ಡಿಲೀಟ್, ಮುಂದಿನ ಸಲ ಆ ಕಡೆ ಹೋದಾಗ ಒಂದು ಪ್ರಿಂಟ್ ಕೊಡ್ತೀನಿ. ಪೋಸ್ ಆಗೋಗುತ್ತೆ ಅಂತೀರಲ್ಲ, ಆಗ್ಲಿ ಬಿಡಿ, ತಾನು ಹೇಗೆ ಕಾಣ್ಬೇಕು ಅನ್ನೋದು ಅವ್ರಿಗೂ ಇರುತ್ತೆ.

ಗ್ರೂಪಿನ ಅಡ್ಮಿನ್‌ಗಳಿಗೆ ನನ್ನದು ಒಂದೇ ಕೋರಿಕೆ. ನಿದ್ದೆಯಲ್ಲಿರೋರ ಮುಖದ ಫೋಟೋ, ಬೀದಿ ಮಕ್ಕಳ ಗುರುತು ಸಿಗೋ ಫೋಟೋ ಸ್ಪರ್ಧೆಗೆ ತಗೋಬೇಡಿ, ಬೇರೆ ಯಾವುದೇ ಫೋಟೋ ಇದ್ರೂ ಕೇಳಿ ತೆಗೆದಿದ್ದಾ ಅಂತ ಫಾರಂನಲ್ಲಿ ಒಂದು ಕಾಲಂ ಇಡಿ. ಆ ಅಜ್ಜನ ಫೋಟೋ ಇವತ್ತೇ ತೆಗೆದುಹಾಕಿ. ಮುಂದಿನ ಭಾನುವಾರದ ವಾಕಿಗೆ ನಾನೂ ಬರ್ತೀನಿ, ಒಪ್ಪದೇ ಇರೋರು ಅಲ್ಲಿ ಸಿಗಿ, ಕಾಫಿ ಕುಡೀತಾ ಮಾತಾಡೋಣ.