ಲೈಫ್‌ಟೈಮ್ ಅಂತೆ! ಯಾರ ಲೈಫು?

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಕ್ಕದ ಮನೆಯವರು ಕಾರು ಸ್ಟಾರ್ಟ್ ಮಾಡಿದರು. ತಗಡಿನ ಡಬ್ಬಿಗೆ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ಎರಡು ಸೆಕೆಂಡು ಕರಕರ ಸದ್ದು. ಆಮೇಲೆ ನಿಂತಿತು. ನನಗೆ ಹೊಟ್ಟೆಯಲ್ಲಿ ಸಂಕಟ.

"ಸಾರ್, ಟೈಮಿಂಗ್ ಚೈನ್ ಸದ್ದಿರಬಹುದು, ಒಂದ್ಸಲ ಗ್ಯಾರೇಜಿಗೆ ತೋರಿಸಿಬಿಡಿ" ಅಂದೆ.

ಅವರು ನಕ್ಕರು. "ರಬ್ಬರ್ ಬೆಲ್ಟ್ ಅಲ್ಲ ಸಾರ್, ಉಕ್ಕಿನ ಚೈನು. ಲೈಫ್‌ಟೈಮ್, ಬದಲಿಸೋದೇ ಬೇಡ!"

ಈ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರ ಲೈಫು ಸ್ವಾಮಿ? ಕಾರಿಂದಾ, ನಮ್ಮದಾ, ವಾರಂಟಿದಾ?

ನನ್ನ ಹಳೇ ಬಿಳಿ ಕಾರಿನ ಗತಿ ಏನಾಯ್ತು ಅಂತ ಹೇಳ್ತೀನಿ ಕೇಳಿ. ಅದಕ್ಕೂ ಚೈನೇ ಇತ್ತು. ಮಾರಿದವರೂ ಇದನ್ನೇ ಹೇಳಿದ್ದರು. ಚನ್ನರಾಯಪಟ್ಟಣ ದಾಟಿದ ಮೇಲೆ ಟಪ್ ಅಂತ ಇಂಜಿನ್ ಆಫ್. ಸೆಲ್ಫ್ ಹೊಡೆದರೆ ಗಿರ್ರನೆ ಹಗುರವಾಗಿ ತಿರುಗುತ್ತಿತ್ತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿದೆ ಅಂತ ಆಗಲೇ ಗೊತ್ತಾಗಬೇಕಿತ್ತು. ನಾನು ಬುದ್ಧಿವಂತ, ಇನ್ನೂ ಐದು ಸಲ ಹೊಡೆದೆ.

ಇಂಜಿನ್ ಒಳಗೆ ನಡೆಯೋದು ಅವಲಕ್ಕಿ ಕುಟ್ಟಿದ ಹಾಗೆ. ನಮ್ಮಜ್ಜಿ ಒನಕೆ ಎತ್ತಿದ ಕ್ಷಣದಲ್ಲಿ ಅಮ್ಮ ಒರಳಿಗೆ ಕೈ ಹಾಕಿ ಅವಲಕ್ಕಿ ತಿರುವಿ ಕೈ ತೆಗೆಯುತ್ತಿದ್ದರು. ತಾಳ ತಪ್ಪಿದರೆ ಬೆರಳು ಜಜ್ಜಿಹೋಗುತ್ತಿತ್ತು. ಮೇಲೆ ಕೆಳಗೆ ಓಡೋ ಪಿಸ್ಟನ್ ಒನಕೆ, ಗಾಳಿ ಒಳಗೆ, ಹೊಗೆ ಹೊರಗೆ ಬಿಡೋ ವಾಲ್ವ್ ಅಮ್ಮನ ಕೈ, ತಾಳ ಹಾಕೋದು ಟೈಮಿಂಗ್ ಚೈನು. ಪಿಸ್ಟನ್‌ಗೆ ಜೋಡಿಸಿರೋ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್ ತೆರೆಯೋ ಕ್ಯಾಮ್ ಒಂದು ಸುತ್ತು. 3,000 ಆರ್‌ಪಿಎಂನಲ್ಲಿ, ಅಂದರೆ ಕ್ರ್ಯಾಂಕ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಚೈನು ಒಂದು ಹಲ್ಲು ಹಾರಿದರೆ ಇಂಜಿನ್ ಒದ್ದಾಡುತ್ತದೆ. ಜಾಸ್ತಿ ಹಾರಿದರೆ ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ಎಲ್ಲ ಇಂಜಿನ್ನಿನಲ್ಲೂ ಹೀಗಾಗಲ್ಲ, ಕೆಲವದರಲ್ಲಿ ನಡುವೆ ಜಾಗ ಇರುತ್ತದೆ. ನನ್ನದರಲ್ಲಿ ಇರಲಿಲ್ಲ.

ಮೆಕ್ಯಾನಿಕ್ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ತೋರಿಸಿದರು. ಪಿಸ್ಟನ್ ತಲೆಯ ಮೇಲೆ ಉಗುರಿನಿಂದ ಗೀರಿದ ಹಾಗೆ ಹೊಳೆಯುವ ಅರ್ಧಚಂದ್ರ. ಎಂಟು ವಾಲ್ವ್ ಡೊಂಕು. ಬಿಲ್ಲು 78,000.

"ಚೈನ್ ಎಳೆದುಕೊಂಡಿದೆ" ಅಂದರು. ಉಕ್ಕೇನು ರಬ್ಬರಾ ಎಳೆದುಕೊಳ್ಳೋಕೆ? ಕೊಂಡಿಗಳ ಪಿನ್ನು ಕೂದಲೆಳೆಯಷ್ಟು ಸವೆದಿರುತ್ತದೆ, ಅಷ್ಟೂ ಸವೆತ ಸೇರಿ ಚೈನೇ ಉದ್ದವಾಗುತ್ತದೆ. ಅದನ್ನು ಬಿಗಿಯಾಗಿ ಹಿಡಿಯೋ ಟೆನ್ಷನರ್ ಬಹಳ ಇಂಜಿನ್‌ಗಳಲ್ಲಿ ಆಯಿಲ್ ಪ್ರೆಷರ್ ಮೇಲೇ ನಡೆಯುತ್ತದೆ. ರಾತ್ರಿಯೆಲ್ಲ ಆಯಿಲ್ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಪ್ರೆಷರ್ ಬರೋವರೆಗೆ ಸಡಿಲ ಚೈನು ಪಕ್ಕದ ಗೈಡ್ ಪಟ್ಟಿಗೆ ಬಡಿಯುತ್ತದೆ. ಆ ಎರಡು ಸೆಕೆಂಡು ಅದೇ.

ಅಂದರೆ ಲೈಫ್‌ಟೈಮ್ ಅನ್ನೋದು ಚೈನಿನದ್ದಲ್ಲ, ಆಯಿಲಿನದ್ದು. ಮಸಿ ತುಂಬಿದ ಹಳೇ ಆಯಿಲ್ ಪಿನ್ನಿಗೆ ಉಪ್ಪುಕಾಗದ ಇದ್ದ ಹಾಗೆ. 10,000 ಕಿ.ಮೀ.ಗೆ ಬದಲಿಸಿ ಅಂತ ಬಹಳ ಕಾರುಗಳ ಪುಸ್ತಕದಲ್ಲಿರುತ್ತದೆ. ಹೈವೇಯಲ್ಲಿ 60ರ ಸರಾಸರಿಯಲ್ಲಿ ಹೋದರೆ ಅದು ಸುಮಾರು 167 ಗಂಟೆ. ಬೆಂಗಳೂರಲ್ಲಿ 20ರ ಸರಾಸರಿ ಅಂತಿಟ್ಟುಕೊಳ್ಳಿ, 500 ಗಂಟೆ! ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಮೀಟರ್ ಓಡಲ್ಲ, ಇಂಜಿನ್ ಓಡುತ್ತಿರುತ್ತದೆ. ಇದನ್ನು ಕಾರು ಮಾರುವಾಗ ಒಬ್ಬರಾದರೂ ಹೇಳುತ್ತಾರಾ? ಇಲ್ಲ. ಲೈಫ್‌ಟೈಮ್!

"ನಮ್ಮ ಮಾವನ ಕಾರು 2 ಲಕ್ಷ ಓಡಿದೆ, ಚೈನ್ ಮುಟ್ಟೇ ಇಲ್ಲ" ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಸಂತೋಷ. ನಿಮ್ಮ ಮಾವ ಟೈಮಿಗೆ ಸರಿಯಾಗಿ ಆಯಿಲ್ ಬದಲಿಸಿದ ಪುಣ್ಯಾತ್ಮರು ಇರಬೇಕು. ಬೆಲ್ಟ್ ಬಿಡಿ, ಅದು ಸದ್ದಿಲ್ಲದೆ ಕಿತ್ತುಹೋಗಬಹುದು. ಚೈನು ಬಹಳ ಸಲ ಬಡಕೊಂಡು ಹೇಳುತ್ತದೆ, ಕೇಳೋರು ಬೇಕಷ್ಟೇ.

ನಾನು ಕೇಳಿದ್ದೆ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳು ದಿನಾ ಬೆಳಿಗ್ಗೆ ಕೇಳಿಸುತ್ತಿತ್ತು. "ಏನ್ರೀ ಅದು ಸದ್ದು?" ಅಂತ ಹೆಂಡತಿ ಕೇಳಿದಾಗ "ಸುಮ್ನೆ ಚಳಿಗೆ" ಅಂದು ರೇಡಿಯೋ ಜೋರು ಮಾಡಿದ್ದೆ. ಆಯಿಲ್ ಬದಲಿಸಿ ಆಗಲೇ ಒಂದೂವರೆ ವರ್ಷ ಆಗಿತ್ತು.

ಡೊಂಕು ವಾಲ್ವೊಂದು ಇನ್ನೂ ನನ್ನ ಡ್ರಾಯರಿನಲ್ಲಿದೆ. ನಾಳೆ ಅದನ್ನು ಪಕ್ಕದ ಮನೆಯವರ ಕಾರಿನ ವೈಪರಿಗೆ ಸಿಕ್ಕಿಸಿ ಬರೋಣ ಅಂತಿದ್ದೀನಿ. ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಮಾಟ ಮಾಡಿಸಿದ್ದಾರೆ ಅಂದುಕೊಳ್ಳುತ್ತಾರಂತೆ.