ಆಕಾಶಕ್ಕೆ ಬೀಗ, ತಾಷ್ಕೆಂಟಿಗೆ ಸುತ್ತು

ದೆಹಲಿಯಿಂದ ತಾಷ್ಕೆಂಟ್ ಎಷ್ಟು ದೂರ ಅಂತ ಕಂಪ್ಯೂಟರನ್ನು ಕೇಳಿ ನೋಡಿ. ತಟ್ಟನೆ ಉತ್ತರ ಬರುತ್ತದೆ: ಸುಮಾರು 1,580 ಕಿಲೋಮೀಟರ್, ಹಾರಾಟ ಎರಡೂವರೆ ಗಂಟೆ. ದೆಹಲಿಗೆ ನಮ್ಮ ಬೆಂಗಳೂರಿಗಿಂತ ತಾಷ್ಕೆಂಟೇ ಹತ್ತಿರ! ಲೆಕ್ಕದಲ್ಲಿ ತಪ್ಪೇನಿಲ್ಲ. ಅದು ಎಳೆದ ನೇರ ಗೀಟು ಪಾಕಿಸ್ತಾನದ ಕೈಯಲ್ಲಿರುವ ಆಕಾಶದಲ್ಲಿ ಹಾದುಹೋಗುತ್ತದೆ, ಅದೊಂದೇ ತೊಂದರೆ.

ಪಹಲ್ಗಾಮ್ ದಾಳಿಯ ಬೆನ್ನಿಗೆ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶದ ಬಾಗಿಲು ಹಾಕಿತು. 30ಕ್ಕೆ ನಾವೂ ಹಾಕಿದೆವು. ಅದೂ ಸುಮಾರು ಒಂದು ತಿಂಗಳ ಮಟ್ಟಿಗೆ. ಅದು ಮುಗಿಯುವ ಹೊತ್ತಿಗೆ ಇನ್ನೊಂದು ತಿಂಗಳು. ಆಮೇಲೆ ಮತ್ತೊಂದು. ದೆವ್ವ ಒಳಗೆ ಬರಬಾರದು ಅಂತ ನಮ್ಮೂರುಗಳಲ್ಲಿ ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಎರಡು ಸರ್ಕಾರಗಳು ಅದನ್ನೇ ಲೆಟರ್‌ಹೆಡ್ಡಿನಲ್ಲಿ ಬರೆದುಕೊಂಡು ಬಂದವು.

ಬೀಗವಾದರೂ ಎಂಥದ್ದು ನೋಡಿ. ಮನುಷ್ಯರಿಗಲ್ಲ, ವಿಮಾನಕ್ಕೆ. ಮೈಮೇಲೆ ‘ವಿಟಿ’ ಅಂತ ನೋಂದಣಿ ಗುರುತು ಬರೆದುಕೊಂಡ ಭಾರತದ ವಿಮಾನ ಆ ಕಡೆ ತಲೆ ಹಾಕುವಂತಿಲ್ಲ. ಅದೇ ನೀವು, ಅದೇ ಉಪ್ಪಿನಕಾಯಿ ಡಬ್ಬಿ ಹಿಡಿದು ಅದೇ ದೆಹಲಿಯಲ್ಲಿ ಉಜ್ಬೇಕಿಸ್ತಾನದ ವಿಮಾನ ಹತ್ತಿದರೆ ಪಾಕಿಸ್ತಾನದ ನೆತ್ತಿಯ ಮೇಲೆ ಗೊರಕೆ ಹೊಡೆಯುತ್ತಾ ಹೋಗಬಹುದು. ಎರಡೂ ದೇಶಗಳ ಭದ್ರತೆಗೆ ಏನೇನೂ ಧಕ್ಕೆಯಿಲ್ಲ. ಇಂಡಿಗೋದವರು ಮಾತ್ರ, ಬಳಸಿಕೊಂಡು ಹೋದರೆ ನಮ್ಮ ವಿಮಾನಗಳಿಗೆ ಅಷ್ಟು ದೂರ ಎಟುಕೋದಿಲ್ಲ ಅಂತ ಕಝಾಕಿಸ್ತಾನದ ಆಲ್ಮಾಟಿ, ಉಜ್ಬೇಕಿಸ್ತಾನದ ತಾಷ್ಕೆಂಟ್ ಎರಡರ ಹಾರಾಟವನ್ನೂ ನಿಲ್ಲಿಸಿದರು.

ತಾಷ್ಕೆಂಟ್ ಅಂದರೆ ಯಾವ ಊರು? 1966ರ ಜನವರಿ 10ರಂದು ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಎದುರುಬದುರು ಕೂತು, ಇನ್ನು ಜಗಳ ಬೇಡ ಅಂತ ಸಹಿ ಹಾಕಿದ ಊರು.

ಸುತ್ತು ದಾರಿಯಿಂದ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಹೊರೆ ಅಂತ ಏರ್ ಇಂಡಿಯಾ ಲೆಕ್ಕ ಕೊಟ್ಟಿತು. ಅತ್ತ ಎರಡು ತಿಂಗಳು ಚಿಲ್ಲರೆಗೇ ಹಾದುಹೋಗುವ ಶುಲ್ಕದಲ್ಲಿ ತಮ್ಮ ರೂಪಾಯಿ ಲೆಕ್ಕದಲ್ಲಿ 410 ಕೋಟಿ ಖೋತಾ ಅಂತ ಪಾಕಿಸ್ತಾನದ ರಕ್ಷಣಾ ಇಲಾಖೆಯೇ ಸಂಸತ್ತಿಗೆ ಹೇಳಿತು. ಗೆದ್ದವರು ಯಾರು ಅಂತ ಸುಮ್ನೆ ಕೇಳಬೇಡಿ.

ಈ ವಿಷಯದಲ್ಲಿ ಫಿನ್ಲೆಂಡಿನವರು ಜಾಸ್ತಿ ಜಾಣರು. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಅವರ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಒಂಬತ್ತೂವರೆ ಗಂಟೆಯ ಹೆಲ್ಸಿಂಕಿ–ಟೋಕಿಯೋ ಪ್ರಯಾಣ 13 ಗಂಟೆಗೆ ಏರಿತು. ವಿಮಾನ ಉತ್ತರ ಧ್ರುವದ ಮೇಲಿಂದ ಸುತ್ತಿ ಹೋಗಬೇಕಾಯಿತು. ಅವರ ವಿಮಾನ ಕಂಪನಿ ಫಿನ್ನೇರ್ ಏನು ಮಾಡಿತು? ‘ಉತ್ತರ ಧ್ರುವ ದಾಟಿದವರು’ ಅಂತ ಪ್ರಯಾಣಿಕರ ಕೈಗೆ ಪ್ರಮಾಣಪತ್ರ ಕೊಟ್ಟಿತು, ಜೊತೆಗೊಂದು ಸ್ಟಿಕ್ಕರ್.

ನಮ್ಮಲ್ಲೂ ಕೊಡಬಹುದು ಅಲ್ವಾ? ‘ಇವರು ನೆರೆಮನೆಯ ಮುಖ ನೋಡದೆ ಅರಬ್ಬಿ ಸಮುದ್ರ ಸುತ್ತಿ ಬಂದಿದ್ದಾರೆ’ ಅಂತ. ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ, ಗೆಜೆಟೆಡ್ ಅಧಿಕಾರಿಯ ಸಹಿ ಕಡ್ಡಾಯ. ಅರ್ಜಿ ಬೇಕಾದವರು ಸೋಮವಾರ ಬನ್ನಿ, ಸಾಹೇಬರು ಟೂರ್ ಮೇಲೆ ಹೋಗಿದ್ದಾರೆ.