ರೊಟ್ಟಿ ಕೇಂದ್ರಕ್ಕೆ ಮೊದಲ ವರ್ಷವೇ ವೆಬ್‌ಸೈಟ್ ಬೇಕಾ?

ಕಲಬುರಗಿಯ ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಒಂದು ಸಣ್ಣ ರೊಟ್ಟಿ ಕೇಂದ್ರ ನಡೆಯುತ್ತಿದೆ. ಕಟಕ ರೊಟ್ಟಿ ಎಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆ ಹಿಂಡಿ ಎಂದರೆ ಚಟ್ನಿಪುಡಿ), ಜೊತೆಗೆ ತೊಗರಿ ಬೇಳೆ. ಕೇಂದ್ರ ನಡೆಸುವವರು ವೈನಿ, ಅಂದರೆ ಅತ್ತಿಗೆ. ಲೆಕ್ಕ, ಫೋನು ನೋಡಿಕೊಳ್ಳುವವನು ಮೈದುನ. ವೆಬ್‌ಸೈಟ್ ಮಾತು ಬಂದರೆ ಇಬ್ಬರ ದಾರಿ ಬೇರೆ ಬೇರೆ. ಅದಕ್ಕೇ ಇಬ್ಬರೂ ಬರೆದಿದ್ದೇವೆ.

ಪರ: ಹುಡುಕಿಕೊಂಡು ಬಂದವರಿಗೆ ನಮ್ಮ ಬಾಗಿಲು ಕಾಣಬೇಕು
(ಮೈದುನ ಬರೆದದ್ದು)

ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು. ಬೆಂಗಳೂರಿನ ಒಂದು ಆಫೀಸಿನಿಂದ ಫೋನ್ ಬಂತು. ಸಿಬ್ಬಂದಿಗೆ ಕೊಡಲು 40 ಡಬ್ಬಿ ಬೇಕು, ಒಂದೊಂದರಲ್ಲಿ 20 ರೊಟ್ಟಿ, ಎರಡು ಥರದ ಹಿಂಡಿ. ಮಾತೆಲ್ಲ ಚೆನ್ನಾಗಿಯೇ ಆಯಿತು. ಕೊನೆಗೆ ಆ ಮೇಡಂ, "ನಿಮ್ಮ ವೆಬ್‌ಸೈಟ್ ಲಿಂಕ್ ಕಳಿಸಿ, ನಮ್ಮ ಸಾಹೇಬ್ರಿಗೆ ತೋರಿಸ್ತೀನಿ" ಎಂದರು. ಕಳಿಸಲು ಲಿಂಕ್ ಎಲ್ಲಿತ್ತು? ವಾಟ್ಸಾಪ್‌ನಲ್ಲಿ 14 ಫೋಟೋ ಕಳಿಸಿದೆ. ಒಂದರಲ್ಲಿ ರೊಟ್ಟಿ ಬುಟ್ಟಿಯ ಹಿಂದೆ ಗ್ಯಾಸ್ ಸಿಲಿಂಡರ್ ಕಾಣುತ್ತಿತ್ತು. ದರದ ಪಟ್ಟಿ ನೋಟ್‌ಬುಕ್ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದದ್ದು. ನೀಲಿ ಟಿಕ್ ಬಿತ್ತು. ಫೋನ್ ಮತ್ತೆ ಬರಲಿಲ್ಲ.

ಊರೊಳಗಿನ ವ್ಯಾಪಾರಕ್ಕೆ ವೆಬ್‌ಸೈಟ್ ಬೇಡ, ಒಪ್ಪುತ್ತೇನೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆಯಿಂದ ಬರುವ ಗಿರಾಕಿಗಳು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ನೋಡಿಯೇ ಕೊಳ್ಳುತ್ತಾರೆ. ಆದರೆ ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಕಡೆಯ ಮಂದಿ ಎಷ್ಟಿದ್ದಾರೆ! ಅವರಿಗೆ ನಮ್ಮ ರೊಟ್ಟಿ ಬೇಕು, ಆದರೆ ನಮ್ಮ ಮುಖ ಗೊತ್ತಿಲ್ಲ. ಮುಖ ಗೊತ್ತಿಲ್ಲದವರಿಗೆ ಮುಂಗಡ ರೊಕ್ಕ ಹಾಕಬೇಕಾದರೆ ನಂಬಿಕೆ ಬೇಕು ಅಲ್ವಾ? ಪೂರ್ತಿ ವಿಳಾಸ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರ್, ಮಾಲು ಕೆಟ್ಟರೆ ಏನು ಮಾಡುತ್ತೇವೆ ಎಂಬ ಮಾತು, ಇಷ್ಟು ಒಂದೇ ಕಡೆ ಕಂಡರೆ ಅರ್ಧ ಅನುಮಾನ ಹೋಗುತ್ತದೆ. ಕಾರ್ಡಿನಿಂದ ರೊಕ್ಕ ತೆಗೆದುಕೊಳ್ಳಲು ಪೇಮೆಂಟ್ ಗೇಟ್‌ವೇ ಬೇಕೆಂದರೆ ಆ ಸೇವೆ ಕೊಡುವ ಕಂಪನಿಯವರೂ ಸಾಮಾನ್ಯವಾಗಿ ಮೊದಲು ಇದನ್ನೇ ಕೇಳುತ್ತಾರೆ. ರೊಕ್ಕ ವಾಪಸಿನ ನಿಯಮ, ಸಂಪರ್ಕದ ಪುಟ ಎಲ್ಲಿ ಎಂದು.

ಖರ್ಚಿನ ಮಾತಿಗೆ ಬರುತ್ತೇನೆ, ಯಾಕೆಂದರೆ ವೈನಿಗೆ ಹೆದರಿಕೆ ಇರುವುದು ಅಲ್ಲೇ. ವೆಬ್‌ಸೈಟಿನ ವಿಳಾಸವಾಗುವ ಡಾಟ್ ಇನ್ (.in) ಹೆಸರಿಗೆ ವರ್ಷಕ್ಕೆ ಸಾವಿರದೊಳಗೆ ಆಗುತ್ತದೆ. ಮೊದಲ ವರ್ಷದ ಆಫರ್ ದರ ನೋಡಿ ಮರುಳಾಗಬಾರದು, ಎರಡನೇ ವರ್ಷದ ದರ ಕೇಳಿಯೇ ಕೊಳ್ಳಬೇಕು. ಹೋಸ್ಟಿಂಗ್ ಎಂದರೆ ನಮ್ಮ ಪುಟ ಇರುವ ಕಂಪ್ಯೂಟರಿನ ಬಾಡಿಗೆ. ಸಣ್ಣ ಪುಟಕ್ಕೆ ವರ್ಷಕ್ಕೆ ಎರಡು ಮೂರು ಸಾವಿರದಲ್ಲಿ ಸಿಗುತ್ತದೆ. ಪುಟ ಕಟ್ಟುವ ವರ್ಡ್‌ಪ್ರೆಸ್ 2003ರಿಂದಲೂ ಪುಕ್ಕಟೆ. ಪುಟ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಾರದಿರಲು ಬೇಕಾದ ಸರ್ಟಿಫಿಕೇಟ್‌ಗೆ ಕೆಲವರು ಸಾವಿರಾರು ರೂಪಾಯಿ ಕೇಳುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ, ಬಹಳಷ್ಟು ಹೋಸ್ಟಿಂಗ್‌ನವರು ತಾವೇ ಹಾಕಿಕೊಡುತ್ತಾರೆ. ಎಲ್ಲ ಕೂಡಿಸಿದರೂ ಐದು ಸಾವಿರ ದಾಟುವುದಿಲ್ಲ. ಐದು ಪುಟದ ಸೈಟಿಗೆ 30 ಸಾವಿರ ಹೇಳುವವರ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಕನ್ನಡದಲ್ಲಿ ಪುಟ ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಲೇಬಲ್ಲಿನ ಸಾಲುಗಳನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿದ್ದರು. ಅದನ್ನೇ ತಂದು ಪುಟದಲ್ಲಿ ಅಂಟಿಸಿ ನೋಡಿದೆ. "ಶೇಂಗಾ ಹಿಂಡಿ" ಇದ್ದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ನಿಂತಿತ್ತು. ಎಲ್ಲ ಫೋನು, ಕಂಪ್ಯೂಟರಿಗೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಫೋಟೋದೊಳಗೆ ಅಕ್ಷರ ಬರೆಸಿ ಹಾಕುವುದಕ್ಕಿಂತ ಟೈಪ್ ಮಾಡಿದ ಅಕ್ಷರವೇ ಮೇಲು. ಗೂಗಲ್‌ಗೆ ಸಲೀಸಾಗಿ ಸಿಗುವುದು ಅದೇ. ಊರ ಹೆಸರನ್ನೂ ಎರಡು ಥರ ಬರೆಯಬೇಕು. 2014ರ ನವೆಂಬರ್ 1ರಿಂದ ನಮ್ಮದು ಕಲಬುರಗಿ. ಆದರೆ ಹೊರಗಿನವರು ಈಗಲೂ ಗುಲ್ಬರ್ಗಾ ಎಂದೇ ಹುಡುಕುತ್ತಾರೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ, ಅಂದರೆ ಈ ಊರಿನದೇ ವಿಶೇಷ ಮಾಲು ಎಂಬ ಮಾನ್ಯತೆ ಸಿಕ್ಕಿದ್ದೂ ಗುಲ್ಬರ್ಗಾ ಹೆಸರಿನಲ್ಲೇ.

ಇನ್‌ಸ್ಟಾಗ್ರಾಂ, ವಾಟ್ಸಾಪ್ ಇದೆಯಲ್ಲ, ಸಾಲದಾ ಎಂದು ಕೇಳುತ್ತಾರೆ. ಅದು ಪರರ ಜಾಗ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತಾಗ ಅದರ ಮೇಲೇ ಗಿರಾಕಿ ಕಟ್ಟಿಕೊಂಡವರು ಮತ್ತೆ ಒಂದರಿಂದ ಎಣಿಸಬೇಕಾಯಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಬಂದ್ ಆಗಿದ್ದವು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹೆಸರು ಹಾಕಿದವರಿಗೆ ಪುಕ್ಕಟೆ ಸಣ್ಣ ವೆಬ್‌ಸೈಟ್ ಸಿಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನೂ ತೆಗೆದುಹಾಕಿದರು. ಬೋರ್ಡಿನ ಮೇಲೆ ಆ ವಿಳಾಸ ಬರೆಸಿದ್ದವರ ಪಾಡು ಏನಾಗಿರಬೇಕು? ಹೆಸರು ನಮ್ಮದಾಗಿದ್ದರೆ ಪುಟವನ್ನು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು.

ನಾನು ಕೇಳುತ್ತಿರುವುದು ದೊಡ್ಡ ಆನ್‌ಲೈನ್ ಅಂಗಡಿ ಅಲ್ಲ. ಒಂದೇ ಒಂದು ಪುಟ. ರೊಟ್ಟಿ ಎಷ್ಟು ದಿನ ಇರುತ್ತದೆ, ಪಾಕೀಟಿನಲ್ಲಿ ಎಷ್ಟಿರುತ್ತವೆ, ಹಿಂಡಿಗೆ ಯಾವ ಎಣ್ಣೆ, ಕೊರಿಯರ್ ಖರ್ಚು ಯಾರದು, ಎಷ್ಟು ದಿನಕ್ಕೆ ಮುಟ್ಟುತ್ತದೆ. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುವ ಉತ್ತರಗಳೇ ಇವು. ಬರೆದಿಟ್ಟರೆ ಮುಂದಿನ ದೀಪಾವಳಿಗೆ ಆ ಮೇಡಂಗೆ ನಾನೇ ಫೋನ್ ಮಾಡುತ್ತೇನೆ.

ವಿರೋಧ: ಮೊದಲು ರೊಟ್ಟಿ ಇಡಿಯಾಗಿ ಮುಟ್ಟಲಿ
(ವೈನಿ ಬರೆದದ್ದು)

ಮೈದುನ ಬರೆದದ್ದು ಓದಿದೆ. ಅವನ ಲೆಕ್ಕ ತಪ್ಪಿಲ್ಲ. ಆದರೆ ಆ ದೀಪಾವಳಿ ಫೋನಿನ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದಾನೆ. 40 ಡಬ್ಬಿಗೆ ಇಪ್ಪತ್ತರಂತೆ 800 ರೊಟ್ಟಿ. ಆ ಆಫೀಸಿಗೆ ಬೇಕಿದ್ದದ್ದು ನಾಲ್ಕು ದಿನದಲ್ಲಿ. ನಾವು ಮೂವರು ಹೆಣ್ಣುಮಕ್ಕಳು ಎರಡು ಹಂಚಿನ ಮೇಲೆ ದಿನಕ್ಕೆ ಬಡಿಯುವುದು ಇನ್ನೂರು. ಅದರಲ್ಲಿ ನೂರು ಊರಿನ ಮೆಸ್ಸಿಗೆ, ದಿನದ ಗಿರಾಕಿಗೆ ಹೋಗುತ್ತದೆ. ಲಿಂಕ್ ಇದ್ದು ಆರ್ಡರ್ ಬಂದಿದ್ದರೆ ನಾನು ಯಾರ ಊಟ ತಪ್ಪಿಸಬೇಕಿತ್ತು?

ವೆಬ್‌ಸೈಟ್ ಎಂದರೆ ನನಗೆ ಸುಮ್ನೆ ಹೆದರಿಕೆ ಅಲ್ಲ. ರೊಟ್ಟಿಗೆ ಮುಂಚೆ ನಾನು ಬ್ಲೌಸ್ ಹೊಲಿಯುತ್ತಿದ್ದೆ, ಆರಿ ವರ್ಕ್ ಮಾಡುತ್ತಿದ್ದೆ. ಆಗ ಒಬ್ಬರ ಮಾತು ಕೇಳಿ 15 ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸಿದೆ. ನೋಡಲು ಚಂದವೇ ಇತ್ತು. ಆದರೆ ಹೆಸರನ್ನು ಅವರು ತಮ್ಮ ಇಮೇಲ್‌ನಲ್ಲಿ, ತಮ್ಮ ಹೆಸರಿನಲ್ಲಿ ತೆಗೆದಿದ್ದರು. ಪಾಸ್‌ವರ್ಡ್ ನಾನು ಕೇಳಲಿಲ್ಲ, ಕೇಳಬೇಕು ಎಂಬುದೇ ಗೊತ್ತಿರಲಿಲ್ಲ. ಎರಡನೇ ವರ್ಷ ಮತ್ತೆ 9 ಸಾವಿರ ಕೇಳಿದರು. ನನ್ನ ಕೈಯಲ್ಲಿ ಇರಲಿಲ್ಲ. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಅವಧಿ ಮುಗಿದ ಹೆಸರನ್ನು ಯಾರೋ ಕೊಂಡುಕೊಂಡರು. ಒಬ್ಬ ಗಿರಾಕಿ ಫೋನ್ ಮಾಡಿ, "ಅಕ್ಕಾರ, ನಿಮ್ಮ ಕಾರ್ಡಿನಾಗಿನ ಹೆಸರು ಹೊಡದ್ರ ಜೂಜಿನ ಪುಟ ಬರ್ತದ್ರಿ" ಎಂದರು. ಅವತ್ತು ಸಂಜೆ ನಾನು, ನನ್ನ ಮಗಳು ಕೂತು ಉಳಿದ ಆರುನೂರು ವಿಸಿಟಿಂಗ್ ಕಾರ್ಡಿನ ಮೇಲೆ ಕಪ್ಪು ಮಾರ್ಕರಿನಿಂದ ಆ ಸಾಲು ಹೊಡೆದುಹಾಕಿದೆವು. ಮಗಳ ಬೆರಳು ಎರಡು ದಿನ ಕಪ್ಪಗೇ ಇತ್ತು.

ಹೆಸರು ತೆಗೆಯುವುದಾದರೆ ನನ್ನ ಹೆಸರಿನಲ್ಲಿ, ನನ್ನ ಇಮೇಲ್, ನನ್ನ ಫೋನ್ ನಂಬರ್ ಕೊಟ್ಟು ತೆಗೆಯಬೇಕು. ಇದನ್ನು ಮೈದುನನಿಗೂ ಹೇಳಿದ್ದೇನೆ. ಅವನು ಮನೆಯವನೇ. ಆದರೂ ನಾಳೆ ಕೆಲಸ ಸಿಕ್ಕು ಬೇರೆ ಊರಿಗೆ ಹೋದರೆ? ಅಷ್ಟು ಮಾತ್ರ ಈ ವರ್ಷ ಮಾಡೋಣ. ಪುಟ ಆಮೇಲೆ.

ಯಾಕೆ ಆಮೇಲೆ ಎಂದರೆ, ಐದು ಸಾವಿರ ಸಣ್ಣ ಮೊತ್ತ ಅಲ್ಲ. ಜೋಳ, ಗ್ಯಾಸ್, ಕೂಲಿ ಎಲ್ಲ ಕಳೆದು ಒಂದು ರೊಟ್ಟಿಗೆ ನನಗೆ ಉಳಿಯುವುದು ಎರಡು ರೂಪಾಯಿ. ಐದು ಸಾವಿರ ಎಂದರೆ ಎರಡೂವರೆ ಸಾವಿರ ರೊಟ್ಟಿ. ಪುಟ ಒಮ್ಮೆ ಮಾಡಿದರೆ ಮುಗಿಯುವುದೂ ಇಲ್ಲ. ಜೋಳದ ದರ ಏರಿದಾಗ, ಹೊಸ ಜೋಳ ಬಂದು ಇಳಿದಾಗ ಪುಟದ ಮೇಲಿನ ದರ ಬದಲಿಸುವವರು ಯಾರು? ಹಳೆಯ ದರ ತೋರಿಸಿ, ಫೋನಿನಲ್ಲಿ ಜಾಸ್ತಿ ಹೇಳಿದರೆ ಗಿರಾಕಿಗೆ ನಾವು ಮೋಸಗಾರರು.

ನಮ್ಮ ನಿಜವಾದ ತೊಂದರೆ ಬೇರೆ ಇದೆ. ಜುಲೈನಲ್ಲಿ ಬೆಂಗಳೂರಿಗೆ ಒಂದು ಪಾರ್ಸೆಲ್ ಕಳಿಸಿದ್ದೆವು. ಅವರು ಡಬ್ಬಿ ಬಿಚ್ಚಿ ಫೋಟೋ ಕಳಿಸಿದರು. ಮೇಲಿನ ಎರಡು ರೊಟ್ಟಿ ಬಿಟ್ಟರೆ ಉಳಿದದ್ದೆಲ್ಲ ಚೂರು. ಪ್ಲಾಸ್ಟಿಕ್ ಚೀಲದ ಒಂದು ಮೂಲೆ ಸರಿಯಾಗಿ ಅಂಟಿರಲಿಲ್ಲ. ಮಳೆಗಾಲದ ಗಾಳಿ ಹೊಕ್ಕು ಚೂರುಗಳೂ ಮೆತ್ತಗಾಗಿದ್ದವು. ಆ ತಂಗಿ ಬೈಯಲಿಲ್ಲ, "ಮಜ್ಜಿಗಿ ಹಾಕಿ ಕಲಿಸಿ ತಿಂದ್ವಿ ಬಿಡ್ರಿ ಅಕ್ಕಾ" ಎಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ತಂಗಿಯಂತೆ ಮಾತಾಡಿದಳು. ಬೇರೆಯವರು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಆ ಸ್ಟಾರ್ ಎಲ್ಲರಿಗೂ ಕಾಣುತ್ತದೆ.

ಹಾಗಾಗಿ ಇರುವ ರೊಕ್ಕ ಮೊದಲು ಪ್ಯಾಕಿಂಗ್‌ಗೆ ಹೋಗಬೇಕು. ಒಳ್ಳೆಯ ಸೀಲಿಂಗ್ ಮಷಿನ್, ದಪ್ಪ ರಟ್ಟಿನ ಡಬ್ಬಿ, ತಯಾರಾದ ತಾರೀಕು ಹೊಡೆಯುವ ಮುದ್ರೆ. ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ ನೂರು ರೂಪಾಯಿ ಕಟ್ಟಿ ಆ ನಂಬರನ್ನು ಈಗಾಗಲೇ ಲೇಬಲ್ಲಿನ ಮೇಲೆ ಹಾಕಿದ್ದೇವೆ. ಓದಬೇಕಾದವರು ಅಲ್ಲೂ ಓದುತ್ತಾರೆ.

ಹಾಗಂತ ಫೋನು, ಇಂಟರ್ನೆಟ್ ಬೇಡ ಎನ್ನುವವಳಲ್ಲ ನಾನು. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ 500 ವಸ್ತು ಇಡಬಹುದಂತೆ, ನಮ್ಮವು ಒಂಬತ್ತು. ದರ ಬದಲಾದರೆ ಒಲೆ ಮುಂದೆ ಕೂತೇ ನಾನೇ ತಿದ್ದುತ್ತೇನೆ, ಯಾರನ್ನೂ ಕಾಯಬೇಕಿಲ್ಲ. ಗೂಗಲ್ ಮ್ಯಾಪಿಗೆ ಅಂಗಡಿಯ ವಿಡಿಯೋ ಕಳಿಸಿ ಹೆಸರು ಹತ್ತಿಸಿದ್ದು ಮೈದುನನೇ, ಅದರಿಂದ ಎಷ್ಟೋ ಮಂದಿ ದಾರಿ ಹುಡುಕಿಕೊಂಡು ಬಂದಿದ್ದಾರೆ. ರೊಕ್ಕಕ್ಕೆ ಯುಪಿಐ ಇದೆ. ಇವೆಲ್ಲ ಪರರ ಜಾಗ ಎನ್ನುತ್ತಾನೆ ಅವನು. ನಿಜ. ಅದಕ್ಕೇ ಗಿರಾಕಿಗಳ ಹೆಸರು, ನಂಬರ್, ಯಾರಿಗೆ ಏನು ಇಷ್ಟ ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ವಾಟ್ಸಾಪ್ ಬಂದ್ ಆದರೂ ಫೋನ್ ಮಾಡಬಹುದು.

ಇನ್ನು ಆ ಐದು ಪ್ರಶ್ನೆ. ಬರೆದಿಟ್ಟರೆ ಫೋನ್ ಕಡಿಮೆಯಾಗುತ್ತದೆ ಎನ್ನುತ್ತಾನೆ. ನನಗೆ ಫೋನ್ ಕಡಿಮೆಯಾಗುವುದು ಬೇಡ. "ಹಿಂಡಿ ಭಾಳ ಖಾರ ಅದ ಏನ್ರಿ?" ಎಂದು ಕೇಳಿದವರಿಗೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ ಎಂದು ನಾನು ತಿರುಗಿ ಕೇಳುತ್ತೇನೆ. ಇದ್ದರೆ ಖಾರ ಕಡಿಮೆ ಹಾಕಿ ಬೇರೆ ಕುಟ್ಟಿ ಕೊಡುತ್ತೇನೆ. ಹೀಗೆ ಮಾತಾಡಿದವರಲ್ಲಿ ಬಹಳಷ್ಟು ಮಂದಿ ಮತ್ತೆ ತೆಗೆದುಕೊಂಡಿದ್ದಾರೆ. ಈ ಮೊದಲ ವರ್ಷ ನಾನು ವ್ಯಾಪಾರ ಕಲಿಯುತ್ತಿರುವುದೇ ಆ ಫೋನುಗಳಿಂದ.

ಹೋದ ವಾರ ಹೊಸ ಡಬ್ಬಿಯಲ್ಲಿ, ನಡುವೆ ರಟ್ಟಿನ ಹಾಳೆ ಇಟ್ಟು, ಪುಣೆಯಲ್ಲಿರುವ ನನ್ನ ಅಕ್ಕನಿಗೆ 20 ರೊಟ್ಟಿ ಕಳಿಸಿದೆ. ಎಣಿಸಿ ಹೇಳು ಎಂದಿದ್ದೆ. ಹದಿನೇಳು ಇಡಿಯಾಗಿ ಮುಟ್ಟಿವೆ. ಮುರಿದ ಮೂರೂ ತಳದಲ್ಲಿದ್ದವಂತೆ. ತಳಕ್ಕೆ ಇನ್ನೊಂದು ರಟ್ಟು ಹಾಕಿ ಸೋಮವಾರ ಮತ್ತೊಂದು ಡಬ್ಬಿ ಕಳಿಸುತ್ತಿದ್ದೇನೆ.